ಖಾಲಿ ಜಾಗ ಯಾರ ಲೆಕ್ಕಕ್ಕೆ?

‘ಸರಿ’ ಎಂದು ಬರೆದಿರುವ ಒಂದು ಬಟನ್. ಪರದೆಯ ಮೇಲೆ ಅದು ಎಷ್ಟು ಅಗಲ ಇರಬೇಕೆಂದು ಯಾರು ತೀರ್ಮಾನಿಸಿದರು? ಆ ಸಾಫ್ಟ್‌ವೇರ್ ಬರೆದವರು ಎಂದುಕೊಳ್ಳುವುದು ಸಹಜ. ಆದರೆ ಅವರ ಕೋಡನ್ನು ತೆರೆದು ಹುಡುಕಿದರೆ ಬಟನ್ನಿನ ಅಗಲ ಇಷ್ಟು ಎಂದು ಬರೆದ ಸಾಲು ಸಾಮಾನ್ಯವಾಗಿ ಸಿಗುವುದಿಲ್ಲ. ಸಿಕ್ಕಿತೋ, ಆ ಕೋಡಿಗೆ ಮುಂದೊಂದು ದಿನ ಪೇಚಾಟ ತಪ್ಪಿದ್ದಲ್ಲ.

ಅಗಲವನ್ನು ಬಟನ್ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಮೊದಲು ಅದು ಫಾಂಟನ್ನು ವಿಚಾರಿಸುತ್ತದೆ: ಈ ಗಾತ್ರದಲ್ಲಿ ‘ಸರಿ’ ಎಂಬ ಪದಕ್ಕೆ ಎಷ್ಟು ಪಿಕ್ಸೆಲ್ ಬೇಕು? 30 ಎಂದು ಉತ್ತರ ಬಂತೆನ್ನಿ. ಅಕ್ಷರಗಳು ಅಂಚಿಗೆ ತಾಗಿಕೊಂಡಿರಬಾರದಲ್ಲ, ಎಡಕ್ಕೆ 16, ಬಲಕ್ಕೆ 16 ಸೇರಿಸಿ 62 ಮಾಡಿಕೊಳ್ಳುತ್ತದೆ. ಇದು ಆ ಬಟನ್ನಿನ ಸಹಜ ಅಳತೆ. ‘ನನಗೆ 62 ಬೇಕು’ ಎಂಬ ಬೇಡಿಕೆಯನ್ನು ಅದು ತನ್ನನ್ನು ಒಳಗೊಂಡಿರುವ ಹೊರಪೆಟ್ಟಿಗೆಗೆ ಸಲ್ಲಿಸುತ್ತದೆ. ಹೊರಪೆಟ್ಟಿಗೆ ತನ್ನೊಳಗಿನ ಎಲ್ಲರ ಬೇಡಿಕೆಗಳನ್ನೂ ಕೂಡಿ, ನಡುನಡುವಿನ ಅಂತರಗಳನ್ನು ಸೇರಿಸಿ, ತನ್ನ ಅಂಚಿಗೂ ಒಂದಿಷ್ಟು ಹಾಕಿಕೊಂಡು ಇನ್ನೂ ಹೊರಗಿನ ಪೆಟ್ಟಿಗೆಗೆ ಒಪ್ಪಿಸುತ್ತದೆ. ಹೀಗೆ ಬೇಡಿಕೆ ಮೇಲೇರುತ್ತಾ ವಿಂಡೋವನ್ನು ಮುಟ್ಟುತ್ತದೆ. ವಾಸ್ತವ ಎದುರಾಗುವುದು ಅಲ್ಲಿ: ಕೇಳಿದ್ದು 410, ಪರದೆಯಲ್ಲಿ ಇರುವುದು 360. ಈಗ ಮಂಜೂರಾತಿ ಕೆಳಮುಖವಾಗಿ ಹೊರಡುತ್ತದೆ. ಯಾರಿಗೆ ಎಷ್ಟು ಕಡಿತ, ಯಾರು ಎರಡನೇ ಸಾಲಿಗೆ ಹೋಗಬೇಕು, ಯಾರ ಪಠ್ಯದ ತುದಿಗೆ ಮೂರು ಚುಕ್ಕೆ ಬೀಳಬೇಕು ಎಂಬುದೆಲ್ಲ ಆಗ ಇತ್ಯರ್ಥವಾಗುತ್ತದೆ. ವಿಂಡೋದ ಮೂಲೆ ಹಿಡಿದು ಎಳೆದಾಗ, ಫೋನನ್ನು ಅಡ್ಡ ಹಿಡಿದಾಗ, ಅಕ್ಷರದ ಗಾತ್ರ ಹಿಗ್ಗಿಸಿದಾಗ ಈ ವ್ಯವಹಾರ ಮತ್ತೆ ಮೊದಲಿನಿಂದ. ಸೆಕೆಂಡಿಗೆ 60 ಸಲ ಬದಲಾಗುವ ಪರದೆಯಲ್ಲಿ ಇದಕ್ಕೆಲ್ಲ ಸಿಗುವ ಸಮಯ ಸುಮಾರು 16 ಮಿಲಿಸೆಕೆಂಡು.

ಈ ಲೆಕ್ಕದಲ್ಲಿ ಅಕ್ಷರ, ಚಿತ್ರಗಳದ್ದು ಸುಲಭದ ಭಾಗ. ಅವುಗಳ ಅಳತೆ ಗೊತ್ತಿರುತ್ತದೆ. ತಕರಾರೆಲ್ಲ ಖಾಲಿ ಜಾಗದ್ದು. ಪರದೆಯ ಮೇಲಿನ ಪ್ರತಿಯೊಂದು ಖಾಲಿ ಪಟ್ಟಿಯೂ ಯಾರದಾದರೂ ಖಾತೆಯಲ್ಲಿ ಇರಲೇಬೇಕು. ಪೆಟ್ಟಿಗೆಯ ಗೆರೆಯ ಒಳಗಿದ್ದರೆ ಅದು ಪ್ಯಾಡಿಂಗ್, ಆ ಪೆಟ್ಟಿಗೆಯ ಸ್ವಂತ ಆಸ್ತಿ. ಗೆರೆಯ ಹೊರಗಿದ್ದರೆ ಮಾರ್ಜಿನ್. ಒಳಪೆಟ್ಟಿಗೆಗಳ ನಡುವೆ ಹೊರಪೆಟ್ಟಿಗೆಯೇ ಇಟ್ಟ ಅಂತರವಾದರೆ ಗ್ಯಾಪ್. ನೋಡುವವರ ಕಣ್ಣಿಗೆ ಮೂರೂ ಒಂದೇ ಬಿಳುಪು. ಆದರೆ ಬೆರಳಿಗೆ ವ್ಯತ್ಯಾಸ ತಿಳಿಯುತ್ತದೆ. ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ಚಿಹ್ನೆಗಳ ಸಾಮಾನ್ಯ ಗಾತ್ರ 24 ಮಾನ. ಬೆರಳಿಟ್ಟು ಒತ್ತುವ ಜಾಗ ಕನಿಷ್ಠ 48 ಇರಲಿ ಎನ್ನುತ್ತದೆ ಅದರ ಮಾರ್ಗಸೂಚಿ. (ಆಪಲ್ ಹೇಳುವುದು 44.) ಚಿಹ್ನೆಯ ಸುತ್ತ 12 ಪ್ಯಾಡಿಂಗ್ ಕೊಟ್ಟರೆ 24 ಹೋಗಿ 48 ಆಗುತ್ತದೆ, ಒತ್ತಿದ್ದು ತಾಗುತ್ತದೆ. ಅದೇ 12ನ್ನು ಮಾರ್ಜಿನ್ ಎಂದು ಬರೆದರೆ ಪರದೆಯ ಚಿತ್ರ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಆದರೆ ಬೆರಳು ತುಸು ಪಕ್ಕಕ್ಕೆ ಬಿದ್ದರೂ ಬಟನ್ ಕಿವುಡು. ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕು ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲೇ ಸೂತ್ರವಾಗಿ ಬರೆದಿಟ್ಟಿದ್ದರು. ಆಗ ಟಚ್‌ಸ್ಕ್ರೀನ್ ಹಾಗಿರಲಿ, ಮೌಸ್ ಕೂಡ ಹುಟ್ಟಿರಲಿಲ್ಲ.

ಇಷ್ಟೆಲ್ಲ ಮಾತುಕತೆಯ ಗೋಜೇ ಇಲ್ಲದೆ ಪ್ರತಿ ವಸ್ತುವಿಗೂ ಎಡದಿಂದ ಇಷ್ಟು, ಮೇಲಿನಿಂದ ಇಷ್ಟು ಎಂದು ಜಾಗ ಗೊತ್ತುಮಾಡಿಬಿಟ್ಟರೆ ಆಗದೇ? ಆಗುತ್ತಿತ್ತು, ಬಹಳ ಕಾಲ ಆಗಿತ್ತು ಕೂಡ. 1984ರ ಮೊದಲ ಮ್ಯಾಕಿಂಟಾಷ್ ಪರದೆ 512 ಅಡ್ಡ, 342 ಉದ್ದ. ಎಲ್ಲರ ಮೇಜಿನ ಮೇಲೂ ಅದೇ ಅಳತೆ. ಡೈಲಾಗ್ ಪೆಟ್ಟಿಗೆಯ ಬಟನ್ನುಗಳ ಸ್ಥಾನವನ್ನು ಅಂಕಿಗಳಲ್ಲೇ ಬರೆದಿಡುತ್ತಿದ್ದರು. ಬೇರೆ ಭಾಷೆಗೆ ತರುವವರು ಉದ್ದದ ಪದ ಬಂದ ಕಡೆಯೆಲ್ಲ ಆ ಅಂಕಿಗಳನ್ನು ಕೈಯಾರೆ ತಿದ್ದಬೇಕಿತ್ತು. 2007ರಲ್ಲಿ ಐಫೋನ್ ಬಂದಾಗಲೂ ಇದೇ ಸುಖ: 320ಕ್ಕೆ 480. ಮೂರು ವರ್ಷಗಳ ಮೇಲೆ ರೆಟಿನಾ ಪರದೆ ಬಂದು ಪಿಕ್ಸೆಲ್‌ಗಳು ಅಡ್ಡಕ್ಕೂ ಉದ್ದಕ್ಕೂ ಇಮ್ಮಡಿಯಾದರೂ, ಆಪಲ್ ತನ್ನ ಅಳತೆಗೋಲಿನಲ್ಲಿ ಅದನ್ನು 320ಕ್ಕೆ 480 ಎಂದೇ ಉಳಿಸಿಕೊಂಡಿತು. 2012ರ ಸೆಪ್ಟೆಂಬರಿನಲ್ಲಿ ಐಫೋನ್ 5ರ ಪರದೆ 568ಕ್ಕೆ ಉದ್ದವಾದಾಗ ಹಳೆಯ ಆ್ಯಪ್‌ಗಳ ಮೇಲೂ ಕೆಳಗೂ ಕಪ್ಪು ಪಟ್ಟಿ ಕಾಣಿಸಿಕೊಂಡಿತು. ಅಳತೆ ನೋಡಿ ಹೊಂದಿಕೊಳ್ಳುವ ‘ಆಟೋ ಲೇಔಟ್’ ಐಫೋನಿಗೆ ಬಂದದ್ದೂ ಅದೇ ತಿಂಗಳು. ಆಂಡ್ರಾಯ್ಡ್‌ಗಾದರೋ ಆ ಐಷಾರಾಮ ಎಂದೂ ಇರಲಿಲ್ಲ. ಹತ್ತಾರು ಕಂಪನಿಗಳು, ಒಬ್ಬೊಬ್ಬರದು ಒಂದೊಂದು ಪರದೆ.

ಮಾತುಕತೆ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡಲು ಟಿಕೆ ಎಂಬ ಹಳೆಯ ಉಪಕರಣಕ್ಕಿಂತ ಒಳ್ಳೆಯದು ಇಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಔಸ್ಟರ್‌ಹೌಟ್ 1990ರ ಆಸುಪಾಸಿನಲ್ಲಿ ಕಟ್ಟಿದ್ದು. ಇವತ್ತು ಪೈಥಾನ್ ಭಾಷೆಯ ಜೊತೆಗೇ ಬರುವ ಟಿಕೆಇಂಟರ್ ಮೂಲಕ ಎಷ್ಟೋ ವಿದ್ಯಾರ್ಥಿಗಳು ತಮ್ಮ ಜೀವನದ ಮೊದಲ ವಿಂಡೋ ತೆರೆಯುವುದು ಇದರಲ್ಲೇ. ಇದರಲ್ಲಿ ‘ಪ್ಯಾಕ್’ ಎಂಬ ಜೋಡಣೆಗಾರ ಇದ್ದಾನೆ. ಅವನ ಕ್ರಮ ಸರಳ: ಖಾಲಿ ವಿಂಡೋ ಒಂದು ಪೊಳ್ಳು. ಬಂದವರಿಗೆ ಬಂದ ಸರದಿಯಲ್ಲಿ, ಅವರು ಕೇಳಿದ ಬದಿಯಿಂದ ಆ ಪೊಳ್ಳಿನ ಒಂದು ಇಡೀ ಪಟ್ಟಿ ಕತ್ತರಿಸಿ ಕೊಡುವುದು. ಉಳಿದದ್ದು ಮುಂದಿನವರಿಗೆ.

300 ಅಗಲ, 200 ಎತ್ತರದ ವಿಂಡೋ ಎಂದಿಟ್ಟುಕೊಳ್ಳಿ. ಮೊದಲು ಶೀರ್ಷಿಕೆ, ಮೇಲ್ಬದಿಗೆ. ಅದರ ಎತ್ತರ 30, ಮೇಲೂ ಕೆಳಗೂ 5ರ ಅಂತರ. ಪ್ಯಾಕ್ 40 ಎತ್ತರದ ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ಕತ್ತರಿಸುತ್ತಾನೆ. ಉಳಿದ ಪೊಳ್ಳು 300ಕ್ಕೆ 160. ಆಮೇಲೆ ಎಡಕ್ಕೆ ಒಂದು ಪಟ್ಟಿ. ಅಗಲ 80, ಎರಡೂ ಕಡೆ 10ರ ಅಂತರ. 100 ಅಗಲ ಹೋಯಿತು. ಕೊನೆಗೆ ಬಂದ ಬರವಣಿಗೆಯ ಪೆಟ್ಟಿಗೆಗೆ 200ಕ್ಕೆ 160. ಈಗ ಮೊದಲೆರಡರ ಸರದಿ ಅದಲುಬದಲು ಮಾಡಿ. ಎಡಪಟ್ಟಿ ಮೊದಲು ಬಂದರೆ ಅದು ಪೂರ್ತಿ 200 ಎತ್ತರವನ್ನೂ ಬಳಸಿಕೊಳ್ಳುತ್ತದೆ, ಶೀರ್ಷಿಕೆಗೆ ಉಳಿಯುವುದು ಬರೀ 200 ಅಗಲ. ಒಂದು ಅಂಕಿಯೂ ಬದಲಾಗಿಲ್ಲ. ಕೋಡಿನ ಎರಡು ಸಾಲು ಹಿಂದುಮುಂದಾದದ್ದಷ್ಟೇ, ವಿಂಡೋದ ರೂಪವೇ ಬೇರೆಯಾಯಿತು. ಬಳಕೆದಾರ ವಿಂಡೋವನ್ನು ಕುಗ್ಗಿಸಿದಾಗ ಮೊದಲು ಪೆಟ್ಟು ತಿನ್ನುವುದು ಸರದಿಯ ಕೊನೆಯಲ್ಲಿದ್ದವರು. ಅದಕ್ಕೇ ಟಿಕೆ ಬಲ್ಲವರು ತಳದ ಸ್ಥಿತಿಪಟ್ಟಿಯನ್ನು ದೊಡ್ಡ ಪಠ್ಯಪೆಟ್ಟಿಗೆಗಿಂತ ಮೊದಲೇ ಪ್ಯಾಕ್ ಮಾಡುತ್ತಾರೆ. ಕಣ್ಣಿಗೆ ಅದು ಕೊನೆಯದು, ಹಕ್ಕಿನಲ್ಲಿ ಮುಂಚಿನದು.

ಇಲ್ಲೇ ಇನ್ನೊಂದು ಸೂಕ್ಷ್ಮ. ಪ್ಯಾಕ್‌ನಲ್ಲಿ ವಸ್ತುವಿಗೆ ಸಿಗುವ ನಿವೇಶನ ಬೇರೆ, ವಸ್ತು ಬೇರೆ. ‘ಎಕ್ಸ್‌ಪ್ಯಾಂಡ್’ ಎಂದರೆ ನಿವೇಶನ ದೊಡ್ಡದಾಗಲಿ ಎಂದು; ‘ಫಿಲ್’ ಎಂದರೆ ಸಿಕ್ಕ ನಿವೇಶನವನ್ನು ವಸ್ತು ತುಂಬಿಕೊಳ್ಳಲಿ ಎಂದು. ಎಕ್ಸ್‌ಪ್ಯಾಂಡ್ ಮಾತ್ರ ಕೊಟ್ಟರೆ ಬಟನ್ ಮೈದಾನದ ನಡುವೆ ಪುಟ್ಟದಾಗಿ ನಿಂತಿರುತ್ತದೆ. ಖಾಲಿ ಜಾಗಕ್ಕೂ ಹಾಗೆಯೇ ಎರಡು ಹೆಸರು: ಪ್ಯಾಡ್‌ಎಕ್ಸ್ ಎಂದರೆ ವಸ್ತುವಿನ ಹೊರಗೆ, ನಿವೇಶನದ ಒಳಗೆ ಬಿಡುವ ಜಾಗ, ಐಪ್ಯಾಡ್‌ಎಕ್ಸ್ ಎಂದರೆ ವಸ್ತುವಿನ ಒಳಕ್ಕೇ ತುಂಬುವ ಜಾಗ. (ಆಪಲ್‌ನ ಐಪ್ಯಾಡಿಗೂ ಇದಕ್ಕೂ ನಂಟಿಲ್ಲ, ಇದು ಅದಕ್ಕಿಂತ ಎಷ್ಟೋ ವರ್ಷ ಹಿರಿಯದು.) ಕಲಿಯುವವರು ಎಡವುವುದು ಸಾಮಾನ್ಯವಾಗಿ ಇಲ್ಲೇ. ಬಟನ್ ದಪ್ಪಗೆ ಕಾಣಲಿ ಎಂದು ಪ್ಯಾಡ್‌ಎಕ್ಸ್ ಏರಿಸುತ್ತಾ ಹೋಗುತ್ತಾರೆ, ಬಟನ್ ಮಾತ್ರ ಇದ್ದಷ್ಟೇ ಇದ್ದು ಅಕ್ಕಪಕ್ಕದವರಿಂದ ದೂರ ಸರಿಯುತ್ತದೆ.

ಟಿಕೆಯಲ್ಲಿ ‘ಗ್ರಿಡ್’ ಎಂಬ ಇನ್ನೊಬ್ಬ ಜೋಡಣೆಗಾರನೂ ಉಂಟು, ಅವನದು ಸಾಲು-ಅಂಕಣಗಳ ಲೆಕ್ಕ. ಒಂದೇ ಪೆಟ್ಟಿಗೆಯೊಳಗೆ ಕೆಲವನ್ನು ಪ್ಯಾಕ್‌ಗೂ ಕೆಲವನ್ನು ಗ್ರಿಡ್‌ಗೂ ವಹಿಸಿದರೆ ಹಿಂದೆಲ್ಲ ಪ್ರೋಗ್ರಾಂ ಸ್ತಬ್ಧವಾಗುತ್ತಿತ್ತು. ಕಾರಣ ಸ್ವಾರಸ್ಯವಾಗಿದೆ. ಪ್ಯಾಕ್ ತನ್ನವರ ಬೇಡಿಕೆ ಕೂಡಿ ಹೊರಪೆಟ್ಟಿಗೆಯ ಅಳತೆ ಇಷ್ಟು ಎನ್ನುತ್ತಾನೆ. ಅಳತೆ ಬದಲಾಯಿತೆಂದು ಗ್ರಿಡ್ ಎಚ್ಚೆತ್ತು ತನ್ನ ಲೆಕ್ಕದಂತೆ ಇನ್ನೊಂದು ಅಳತೆ ಹೇಳುತ್ತಾನೆ. ಪ್ಯಾಕ್ ಮತ್ತೆ ತನ್ನ ಅಳತೆಗೆ ತರುತ್ತಾನೆ. ಇದಕ್ಕೆ ಕೊನೆಯಿಲ್ಲ. ಯಾರೂ ತಪ್ಪು ಮಾಡಿಲ್ಲ, ಒಂದೇ ಜಾಗಕ್ಕೆ ಇಬ್ಬರು ಯಜಮಾನರಾದರು ಅಷ್ಟೇ. ಈಚಿನ ಆವೃತ್ತಿಗಳು ಈ ಬೆರಕೆ ಕಂಡೊಡನೆ ದೋಷ ತೋರಿಸಿ ನಿಲ್ಲುತ್ತವೆ.

ಜಾಗ ಹಂಚುವ ಈ ಕಲೆಯ ಒಂದು ಮುಖ್ಯ ಬೇರು ಇರುವುದು ಮುದ್ರಣದಲ್ಲಿ. ಸ್ಟ್ಯಾನ್‌ಫರ್ಡ್‌ನ ಗಣಕವಿಜ್ಞಾನಿ ಡೊನಾಲ್ಡ್ ಕನೂತ್ 1977ರಲ್ಲಿ ತಮ್ಮ ಪುಸ್ತಕದ ಹೊಸ ಆವೃತ್ತಿಯ ಕರಡಚ್ಚು ಕಂಡು ಬೇಸರಪಟ್ಟರು. ಅಕ್ಷರಜೋಡಣೆಯ ಹೊಸ ತಂತ್ರ ಪುಟಗಳನ್ನು ವಿಕಾರ ಮಾಡಿತ್ತು. ಬರೆಯುವುದನ್ನು ಬದಿಗಿಟ್ಟು ಅಕ್ಷರ ಜೋಡಿಸುವ ಸಾಫ್ಟ್‌ವೇರನ್ನೇ ಕಟ್ಟಲು ಕೂತರು. ಅದೇ ಟೆಕ್. ಅದರಲ್ಲಿ ಎರಡೇ ಮೂಲವಸ್ತು: ಪೆಟ್ಟಿಗೆ ಮತ್ತು ಅಂಟು. ಪೆಟ್ಟಿಗೆ ಎಂದರೆ ಅಕ್ಷರ, ಪದ, ಸಾಲು. ಅಂಟು ಎಂದರೆ ನಡುವಿನ ಖಾಲಿ ಜಾಗ, ಮತ್ತು ಇಲ್ಲಿದೆ ಅವರ ಚಮತ್ಕಾರ: ಪ್ರತಿ ಖಾಲಿ ಜಾಗಕ್ಕೂ ಮೂರು ಅಂಕಿ. ಸಹಜ ಅಳತೆ ಎಷ್ಟು, ಎಷ್ಟು ಹಿಗ್ಗಬಲ್ಲುದು, ಎಷ್ಟು ಕುಗ್ಗಬಲ್ಲುದು.

ಒಂದು ಸಾಲಿನ ಅಗಲ 100. ಪದಗಳೆಲ್ಲ ಸೇರಿ 84. ನಡುವೆ ನಾಲ್ಕು ಖಾಲಿ ಜಾಗ, ಒಂದೊಂದರ ಸಹಜ ಅಳತೆ 3, ಹಿಗ್ಗುವ ಶಕ್ತಿ 2. ಒಟ್ಟು 96 ಆಯಿತು, 4 ಉಳಿಯಿತು. ನಾಲ್ಕರ ಹಿಗ್ಗುವ ಶಕ್ತಿ ಕೂಡಿದರೆ 8. ಹಾಗಾಗಿ ಪ್ರತಿಯೊಂದೂ ತನ್ನ ಶಕ್ತಿಯ ಅರ್ಧ ಹಿಗ್ಗಿ 4 ಆಗುತ್ತದೆ, ಸಾಲು ನೇರವಾಗಿ ಅಂಚು ಮುಟ್ಟುತ್ತದೆ. ಪೂರ್ಣವಿರಾಮದ ನಂತರದ ಜಾಗಕ್ಕೆ ಹೆಚ್ಚು ಶಕ್ತಿ ಕೊಟ್ಟಿದ್ದರೆ ಅದು ಉಳಿದವಕ್ಕಿಂತ ಹೆಚ್ಚು ಅಗಲವಾಗುತ್ತಿತ್ತು. ಎಷ್ಟು ಬೇಕಾದರೂ ಹಿಗ್ಗುವ ಅಂಟೂ ಉಂಟು. ಪದದ ಎಡಬಲಗಳಲ್ಲಿ ಅದನ್ನು ಹಾಕಿದರೆ ಪದ ತಾನಾಗಿ ಮಧ್ಯಕ್ಕೆ ಬರುತ್ತದೆ, ಎಡಕ್ಕೆ ಮಾತ್ರ ಹಾಕಿದರೆ ಬಲಕ್ಕೆ ದೂಡಲ್ಪಡುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲೇ ಮಾರ್ಕ್ ಲಿಂಟನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇಂಟರ್‌ವ್ಯೂಸ್ ಎಂಬ ಉಪಕರಣ ಕಟ್ಟುವಾಗ ಈ ಪೆಟ್ಟಿಗೆ-ಅಂಟುಗಳನ್ನು ಕಾಗದದಿಂದ ಪರದೆಗೆ ತಂದರು. ಕ್ಯೂಟಿ ಎಂಬ ಇನ್ನೊಂದು ಉಪಕರಣದಲ್ಲಿ ‘ಸ್ಟ್ರೆಚ್’ ಎಂದು, ಇಂದಿನ ಮೊಬೈಲ್ ಉಪಕರಣಗಳಲ್ಲಿ ‘ಸ್ಪೇಸರ್’ ಎಂದು ಕರೆಯುವುದು ಇದೇ ಜಾತಿಯದನ್ನು. ಖಾಲಿ ಜಾಗಕ್ಕೂ ಒಂದು ಸ್ವಭಾವ ಇರಬಹುದು ಎಂಬ ಈ ಎಣಿಕೆ ನನ್ನ ಮಟ್ಟಿಗೆ ಇಡೀ ಕ್ಷೇತ್ರದ ಅತ್ಯಂತ ಸೊಗಸಾದ ಹೊಳಹು.

ವೆಬ್‌ನ ಕಥೆ ಅಷ್ಟು ಸೊಗಸಿನದಲ್ಲ. ಆರಂಭದ ದಿನಗಳಲ್ಲಿ ಅಲ್ಲಿ ಅಂತರ ಇಡಲು ಸರಿಯಾದ ಸಾಧನವೇ ಇರಲಿಲ್ಲ. ಒಂದೇ ಪಿಕ್ಸೆಲ್‌ನ ಪಾರದರ್ಶಕ ಚಿತ್ರವೊಂದನ್ನು ಬೇಕಾದಷ್ಟು ಎಳೆದು, ಕಾಣದ ಕೋಷ್ಟಕಗಳೊಳಗೆ ತುರುಕಿ ಪುಟ ಕಟ್ಟುತ್ತಿದ್ದರು. ಹೋಕನ್ ವಿಯುಮ್ ಲೀ 1994ರಲ್ಲಿ ಸಿಎಸ್‌ಎಸ್ ಎಂಬ ಶೈಲಿಭಾಷೆಯ ಪ್ರಸ್ತಾವ ಮುಂದಿಟ್ಟರು. 1996ರ ಡಿಸೆಂಬರಿನಲ್ಲಿ ಅದರ ಮೊದಲ ಆವೃತ್ತಿ ಅಧಿಕೃತವಾಯಿತು. ಪೆಟ್ಟಿಗೆಗೆ ನಾಲ್ಕು ಪದರ ಎಂದು ಅದು ವಿಧಿಸಿತು: ಒಳಗೆ ತಿರುಳು, ಸುತ್ತ ಪ್ಯಾಡಿಂಗ್, ಅದರ ಸುತ್ತ ಬಾರ್ಡರ್ ಎಂಬ ಗೆರೆ, ಹೊರಗೆ ಮಾರ್ಜಿನ್. ಇಲ್ಲಿಯವರೆಗೆ ಸರಿ. ಆದರೆ ‘ಅಗಲ 200’ ಎಂದು ಬರೆದರೆ ಯಾವುದರ ಅಗಲ? ತಿರುಳಿನದು ಎಂದಿತು ನಿಯಮ. ಅಂದರೆ 20ರ ಪ್ಯಾಡಿಂಗ್, 5ರ ಬಾರ್ಡರ್ ಎರಡೂ ಕಡೆ ಸೇರಿ ಪೆಟ್ಟಿಗೆ ಪರದೆಯ ಮೇಲೆ 250 ಜಾಗ ತಿನ್ನುತ್ತದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಬೇರೆಯದೇ ಅರ್ಥ ಮಾಡಿತು: ಗೆರೆಯಿಂದ ಗೆರೆಗೆ 200, ತಿರುಳಿಗೆ ಉಳಿದದ್ದು 150. ಒಂದೇ ಪುಟ ಒಂದು ಬ್ರೌಸರಿನಲ್ಲಿ ಅಚ್ಚುಕಟ್ಟು, ಇನ್ನೊಂದರಲ್ಲಿ ಮೂರನೇ ಅಂಕಣ ಜಾಗ ಸಾಲದೆ ಕೆಳಗೆ ಉರುಳಿ ಬಿದ್ದಿರುತ್ತಿತ್ತು. ವರ್ಷಗಟ್ಟಲೆ ವೆಬ್ ಕೆಲಸಗಾರರು ಈ ಬ್ರೌಸರಿಗೆ ಶಾಪ ಹಾಕಿದರು. ಆದರೆ ನಿಯಮ ಮುರಿದ ಬ್ರೌಸರಿನ ತಿಳಿವಳಿಕೆಯೇ ಹೆಚ್ಚು ವಿವೇಕದ್ದಾಗಿತ್ತು. ಇವತ್ತು ಬಹುಪಾಲು ಜಾಲತಾಣಗಳ ಶೈಲಿ ಕಡತದ ಮೊದಲ ಸಾಲುಗಳಲ್ಲೇ, ಎಲ್ಲ ಪೆಟ್ಟಿಗೆಗಳನ್ನೂ ಗೆರೆಯಿಂದ ಗೆರೆಗೆ ಅಳೆಯಿರಿ ಎಂಬ ಸೂಚನೆ ಇರುತ್ತದೆ. ಸಿಎಸ್‌ಎಸ್ ರೂಪಿಸುವ ಸಮಿತಿ ತನ್ನದೇ ತಪ್ಪುಗಳ ಒಂದು ಪಟ್ಟಿ ಇಟ್ಟುಕೊಂಡಿದೆ. ಹೀಗೆ ಅಳೆಯುವುದೇ ಮೊದಲಿನಿಂದ ನಿಯಮ ಆಗಬೇಕಿತ್ತು ಎಂಬುದು ಅದರಲ್ಲಿ ಸೇರಿದೆ.

ಅದೇ ಪಟ್ಟಿಯಲ್ಲಿ ಮಾರ್ಜಿನ್‌ಗೂ ಜಾಗವಿದೆ. ಪ್ಯಾರಾದ ಕೆಳಗೆ 16ರ ಮಾರ್ಜಿನ್, ಅದರ ಮುಂದಿನ ತಲೆಬರಹದ ಮೇಲೆ 24ರ ಮಾರ್ಜಿನ್ ಇದ್ದರೆ ನಡುವಿನ ಅಂತರ 40 ಆಗಬೇಕಲ್ಲ? ಆಗುವುದಿಲ್ಲ, 24 ಆಗುತ್ತದೆ. ದೊಡ್ಡದು ಚಿಕ್ಕದನ್ನು ನುಂಗುತ್ತದೆ. ಎರಡು ಹೊಲಗಳ ನಡುವಿನ ಬದುವಿನಂತೆ ಇದು: ನಿನ್ನ ಕಡೆಯಿಂದ ಮೂರು ಅಡಿ, ನನ್ನ ಕಡೆಯಿಂದ ಎರಡು ಅಡಿ ಎಂದು ಐದಡಿಯ ಬದು ಹಾಕುವುದಿಲ್ಲ, ಇಬ್ಬರಿಗೂ ಸೇರಿ ಒಂದೇ ಬದು. ಬರಹಗಳ ಮಟ್ಟಿಗೆ ಈ ನಿಯಮ ನ್ಯಾಯವಾದದ್ದೇ. ‘ನನ್ನ ಸುತ್ತ ಕನಿಷ್ಠ ಇಷ್ಟು ಬಿಡಿ’ ಎಂಬುದು ಮುದ್ರಕರ ಹಳೆಯ ಬಯಕೆ, ಅಂತರಗಳು ಕೂಡುತ್ತಾ ಹೋದರೆ ಪುಟ ಹರಿದು ಹಂಚಿಹೋಗುತ್ತದೆ. ಎಡವಟ್ಟಾದದ್ದು ಬೇರೆ ಕಡೆ. ಹೊರಪೆಟ್ಟಿಗೆಗೆ ಪ್ಯಾಡಿಂಗೂ ಬಾರ್ಡರೂ ಇಲ್ಲದಿದ್ದರೆ ಅದರೊಳಗಿನ ಮೊದಲ ತಲೆಬರಹದ ಮಾರ್ಜಿನ್ ಅದರ ಮೇಲಂಚನ್ನು ದಾಟಿ ಆಚೆ ಸೋರುತ್ತದೆ. ಬಣ್ಣ ಹಚ್ಚಿದ ಪೆಟ್ಟಿಗೆಯೊಳಗೆ ಮೇಲೆ ಅಂತರ ಬರಲಿ ಎಂದರೆ ಇಡೀ ಪೆಟ್ಟಿಗೆಯೇ ಕೆಳಕ್ಕೆ ಜಾರುತ್ತದೆ. ಒಂದೇ ಒಂದು ಪಿಕ್ಸೆಲ್ ಪ್ಯಾಡಿಂಗ್ ಕೊಟ್ಟು ನೋಡಿ, ಮಾರ್ಜಿನ್ ಗಪ್‌ಚಿಪ್ಪಾಗಿ ಒಳಗೆ ನಿಲ್ಲುತ್ತದೆ. ಕಾರಣ ಗೊತ್ತಿಲ್ಲದವರಿಗೆ ಇದು ದೆವ್ವದ ಚೇಷ್ಟೆ.

ಮಾರ್ಜಿನ್‌ನ ನಿಜವಾದ ತೊಂದರೆ ಅದರ ಒಡೆತನದ್ದು ಎಂದು ನನ್ನ ವಾದ. ಪಕ್ಕದಲ್ಲಿ ಯಾರಿರುತ್ತಾರೆಂದು ಬಟನ್ನಿಗೆ ಗೊತ್ತಿಲ್ಲ. ಹಾಗಿದ್ದೂ ತನ್ನ ಗಡಿಯಾಚೆಗೆ ಇಷ್ಟು ಜಾಗ ಬೇಕೆಂದು ಅದು ಹಟ ಹಿಡಿಯುವುದು ಯಾವ ನ್ಯಾಯ? ಅಕ್ಕಪಕ್ಕದವರನ್ನು ಬಲ್ಲದ್ದು ಹೊರಪೆಟ್ಟಿಗೆ. ನಡುವಿನ ಅಂತರ ಅದರ ಕೈಯಲ್ಲಿರುವುದು ಸರಿ. 2017ರಲ್ಲಿ ಬ್ರೌಸರುಗಳಿಗೆ ಬಂದ ಸಿಎಸ್‌ಎಸ್ ಗ್ರಿಡ್ ‘ಗ್ಯಾಪ್’ ಅನ್ನು ಜೊತೆಗೇ ತಂದಿತು, ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಫ್ಲೆಕ್ಸ್‌ಬಾಕ್ಸಿನ ಗ್ಯಾಪ್ 2021ರ ಹೊತ್ತಿಗೆ ಎಲ್ಲ ಪ್ರಮುಖ ಬ್ರೌಸರುಗಳಲ್ಲೂ ಸಿಕ್ಕಿತು. ಆಂಡ್ರಾಯ್ಡ್‌ನ ಹೊಸ ಉಪಕರಣವಾದ ಜೆಟ್‌ಪ್ಯಾಕ್ ಕಂಪೋಸ್‌ನಲ್ಲಂತೂ ಮಾರ್ಜಿನ್ ಎಂಬುದೇ ಇಲ್ಲ. ಅಲ್ಲಿ ಇರುವುದು ಪ್ಯಾಡಿಂಗ್ ಒಂದೇ. ಅದನ್ನು ಬರೆದ ಕ್ರಮವೇ ಒಳಗೋ ಹೊರಗೋ ಎಂಬುದನ್ನು ತೀರ್ಮಾನಿಸುತ್ತದೆ. ‘ಒತ್ತಬಹುದು’ ಎಂದ ಮೇಲೆ ಪ್ಯಾಡಿಂಗ್ ಬಂದರೆ ಆ ಖಾಲಿ ಜಾಗವೂ ಬೆರಳಿಗೆ ಓಗೊಡುತ್ತದೆ, ಮೊದಲೇ ಬಂದರೆ ಇಲ್ಲ. ಕಂಪೋಸ್ ಅಳತೆಯ ದುಂದನ್ನೂ ತಡೆಯಿತು. ಹಳೆಯ ಆಂಡ್ರಾಯ್ಡ್‌ನಲ್ಲಿ ಒಳಗಿನವರನ್ನು ಪ್ರಮಾಣಕ್ಕೆ ತಕ್ಕಂತೆ ಹಂಚುವ ಪೆಟ್ಟಿಗೆ ಅವರನ್ನು ಎರಡೆರಡು ಸಲ ಅಳೆಯುತ್ತಿತ್ತು. ಅಂಥ ಐದು ಪೆಟ್ಟಿಗೆ ಒಂದರೊಳಗೊಂದು ಕೂತರೆ ಐದನೆಯದರ ಒಳಗಿರುವುದಕ್ಕೆ 32 ಸಲ ಅಳತೆ! ಕಂಪೋಸ್ ಒಂದು ಸುತ್ತಿನಲ್ಲಿ ಒಮ್ಮೆ ಮಾತ್ರ ಅಳೆಯಲು ಬಿಡುತ್ತದೆ.

ಸಿಎಸ್‌ಎಸ್‌ನ ಇನ್ನೊಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. ಮೇಲಿನ ಪ್ಯಾಡಿಂಗನ್ನು ಶೇಕಡಾ ಲೆಕ್ಕದಲ್ಲಿ ಕೊಟ್ಟರೆ ಅದು ಹೊರಪೆಟ್ಟಿಗೆಯ ಎತ್ತರದ ಶೇಕಡಾ ಅಲ್ಲ, ಅಗಲದ್ದು. ಹೊರಪೆಟ್ಟಿಗೆಯ ಎತ್ತರ ಅದರ ಒಳಗಿನ ತಿರುಳಿನಿಂದ ನಿರ್ಧಾರವಾಗುತ್ತದೆ, ಒಳಪೆಟ್ಟಿಗೆಯ ಪ್ಯಾಡಿಂಗೂ ಆ ತಿರುಳಿನ ಭಾಗವೇ. ಎತ್ತರದಿಂದ ಪ್ಯಾಡಿಂಗ್, ಪ್ಯಾಡಿಂಗಿನಿಂದ ಎತ್ತರ ಎಂದು ಲೆಕ್ಕ ಸುತ್ತು ಹೊಡೆಯುತ್ತದೆ. ಅದನ್ನು ತಪ್ಪಿಸಲು ಮಾಡಿಕೊಂಡ ಏರ್ಪಾಡು ಇದು. ಜಾಣರು ಇದನ್ನೇ ಬಂಡವಾಳ ಮಾಡಿಕೊಂಡರು. 16ಕ್ಕೆ 9ರ ವೀಡಿಯೊ ಪೆಟ್ಟಿಗೆ ಬೇಕೇ? ಎತ್ತರ ಸೊನ್ನೆ, ಮೇಲಿನ ಪ್ಯಾಡಿಂಗ್ ಶೇ 56.25. ಪರದೆ ಎಷ್ಟೇ ಅಗಲವಿರಲಿ ಪ್ರಮಾಣ ಕೆಡುವುದಿಲ್ಲ. ಬಹಳ ವರ್ಷ ಜಗತ್ತಿನ ಅಸಂಖ್ಯ ವೀಡಿಯೊಗಳು ಹೀಗೆ ಪ್ಯಾಡಿಂಗಿನ ಮೇಲೆಯೇ ಕೂತಿದ್ದವು.

ಕಣ್ಣಿನ ಲೆಕ್ಕ ಇವೆಲ್ಲಕ್ಕಿಂತ ಬೇರೆ. ಜರ್ಮನಿಯಲ್ಲಿದ್ದ ಮನೋವಿಜ್ಞಾನಿ ಮ್ಯಾಕ್ಸ್ ವರ್ಟ್‌ಹೈಮರ್ 1923ರ ಪ್ರಬಂಧದಲ್ಲಿ ಬರೀ ಚುಕ್ಕೆಗಳನ್ನಿಟ್ಟು ತೋರಿಸಿದರು: ಹತ್ತಿರ ಇರುವವನ್ನು ನಾವು ಒಂದು ಗುಂಪಾಗಿ ನೋಡುತ್ತೇವೆ, ಬೇಡವೆಂದರೂ. ಅರ್ಜಿ ನಮೂನೆಯೊಂದರಲ್ಲಿ ‘ಹೆಸರು’ ಎಂಬ ಪದ, ಅದರ ಕೆಳಗೆ ಪೆಟ್ಟಿಗೆ, ಅದರ ಕೆಳಗೆ ‘ಊರು’, ಮತ್ತೆ ಪೆಟ್ಟಿಗೆ. ಎಲ್ಲ ಅಂತರಗಳೂ 12 ಆದರೆ ‘ಊರು’ ಎಂಬುದು ಮೇಲಿನ ಪೆಟ್ಟಿಗೆಯದೋ ಕೆಳಗಿನದೋ ತಿಳಿಯದು. ಪದಕ್ಕೂ ಅದರ ಪೆಟ್ಟಿಗೆಗೂ 4, ಒಂದು ಜೋಡಿಗೂ ಮುಂದಿನ ಜೋಡಿಗೂ 20 ಮಾಡಿ. ಗೆರೆ ಎಳೆಯದೆ, ಬಣ್ಣ ಹಚ್ಚದೆ ಎರಡು ಗುಂಪು ಕಾಣುತ್ತವೆ. ವಿನ್ಯಾಸಕರು ಈ ಅಂಕಿಗಳನ್ನು 8ರ ಮಗ್ಗಿಯಿಂದ, ಸಣ್ಣವಕ್ಕೆ 4ರ ಮಗ್ಗಿಯಿಂದ ಆರಿಸಿಕೊಳ್ಳುವುದಕ್ಕೂ ಕಾರಣವಿದೆ. ಒಂದೂವರೆ ಪಟ್ಟು ಸಾಂದ್ರತೆಯ ಪರದೆಯಲ್ಲಿ 8 ಹೋಗಿ 12 ಆಗುತ್ತದೆ. 5 ಇದ್ದಿದ್ದರೆ ಏಳೂವರೆ ಆಗಿ, ಅರ್ಧ ಪಿಕ್ಸೆಲ್ ಎಂಬುದು ಇಲ್ಲದ್ದರಿಂದ ಅಂಚು ಮಸುಕಾಗುತ್ತಿತ್ತು.

ಲೆಕ್ಕ ಸರಿಯಿದ್ದೂ ಕಣ್ಣು ಒಪ್ಪದ ಸಂದರ್ಭಗಳುಂಟು. ವೃತ್ತದೊಳಗಿನ ‘ಪ್ಲೇ’ ತ್ರಿಕೋನವನ್ನು ಎಡಬಲ ಸಮ ಅಂತರದಲ್ಲಿಟ್ಟರೆ ಅದು ಎಡಕ್ಕೆ ವಾಲಿದಂತೆ ಕಾಣುತ್ತದೆ. ತ್ರಿಕೋನದ ತೂಕದ ಕೇಂದ್ರ ಅದರ ಬುಡದಿಂದ ಮೂರನೇ ಒಂದು ಭಾಗದಲ್ಲಿದೆ, ಅರ್ಧದಲ್ಲಿ ಅಲ್ಲ. ಅಗಲದ ಆರನೇ ಒಂದು ಭಾಗದಷ್ಟು ಬಲಕ್ಕೆ ಸರಿಸಿದರೆ ಕಣ್ಣಿಗೆ ಸಮಾಧಾನ.

ಬೇಡಿಕೆಗಳನ್ನೆಲ್ಲ ಬೀಜಗಣಿತವಾಗಿ ಬರೆದು ಬಿಡಿಸಿದರೆ ಹೇಗೆ ಎಂದವರೂ ಇದ್ದಾರೆ. ‘ಬಟನ್ನಿನ ಎಡ ಅಂಚು, ಪದದ ಬಲ ಅಂಚಿನಿಂದ 8 ಆಚೆ’ ಎಂಬುದು ಒಂದು ಸಮೀಕರಣ ತಾನೇ? ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲನ್ ಬೋರ್ನಿಂಗ್, ಗ್ರೆಗ್ ಬ್ಯಾಡ್ರೋಸ್ ಮತ್ತಿತರರು 1990ರ ದಶಕದಲ್ಲಿ ಕ್ಯಾಸೊವರಿ ಎಂಬ ವಿಧಾನ ಕಟ್ಟಿದರು. ಕಾರ್ಖಾನೆಗಳ ಹಂಚಿಕೆ ಲೆಕ್ಕಕ್ಕೆ ಬಳಸುವ ಸಿಂಪ್ಲೆಕ್ಸ್ ಕ್ರಮವೇ ಅದರ ಒಳಗಿದೆ. ಪ್ರತಿ ಷರತ್ತಿಗೂ ಒಂದು ಬಲ. ಎಲ್ಲವನ್ನೂ ಪೂರೈಸಲಾಗದಿದ್ದಾಗ ದುರ್ಬಲವಾದದ್ದು ಮಣಿಯುತ್ತದೆ. ಆಪಲ್‌ನ ಆಟೋ ಲೇಔಟ್ ಹುಟ್ಟಿದ್ದು ಇದರಿಂದ. ತಲೆ ಸರಿಯಿದ್ದಾಗ ಬರೆದ ಷರತ್ತುಗಳಿಗೆ ಅದು ಅದ್ಭುತ, ಪರಸ್ಪರ ವಿರುದ್ಧದವನ್ನು ಕೊಟ್ಟರೆ ಪುಟಗಟ್ಟಲೆ ದೂರು ಮುದ್ರಿಸುತ್ತದೆ.

ಕನ್ನಡ ಈ ಕಥೆಯೊಳಗೆ ಬರುವುದು ಎತ್ತರದ ವಿಚಾರದಲ್ಲಿ. ಅಗಲದಂತೆಯೇ ಸಾಲಿನ ಎತ್ತರವನ್ನೂ ಬಟನ್ ಫಾಂಟಿನಿಂದಲೇ ಕೇಳಿ ತಿಳಿಯುತ್ತದೆ: ಅಕ್ಷರ ಮೇಲಕ್ಕೆ ಎಷ್ಟು ಏರಬಹುದು, ಕೆಳಕ್ಕೆ ಎಷ್ಟು ಇಳಿಯಬಹುದು. ಇಂಗ್ಲಿಷಿನಲ್ಲಿ ಕೆಳಗಿಳಿಯುವವು ಬೆರಳೆಣಿಕೆಯ ಅಕ್ಷರಗಳು, ಇಳಿಯುವುದೂ ಸ್ವಲ್ಪ. ನಮ್ಮಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇನ್ನೊಂದು ಅಂತಸ್ತನ್ನೇ ಕಟ್ಟುತ್ತವೆ. ಆಂಡ್ರಾಯ್ಡ್‌ನ ಮೂಲ ಫಾಂಟ್ ರೊಬೊಟೊದಲ್ಲಿ ಕನ್ನಡ ಇಲ್ಲ. ಕನ್ನಡ ಅಕ್ಷರ ಎದುರಾದಾಗ ವ್ಯವಸ್ಥೆ ನೋಟೊ ಫಾಂಟಿನಿಂದ ಎರವಲು ತರುತ್ತದೆ. ಆದರೆ ಎತ್ತರದ ಲೆಕ್ಕವನ್ನು ರೊಬೊಟೊದಿಂದಲೇ ತೆಗೆಯುತ್ತಿತ್ತು. ಅಕ್ಷರ ಒಬ್ಬರದು, ಅಳತೆ ಇನ್ನೊಬ್ಬರದು. ಹಾಗಾಗಿ ಒಂದು ಉಪಾಯ ಹೂಡಿದರು: ಕನ್ನಡದಂಥ ಎತ್ತರದ ಲಿಪಿಗಳಿಗೆ ಎರಡು ಬಗೆಯ ಫಾಂಟ್, ಒಂದು ಸಹಜ ಪ್ರಮಾಣದ್ದು, ಇನ್ನೊಂದು ರೊಬೊಟೊದ ಎತ್ತರದೊಳಗೆ ಹಿಡಿಸುವಂತೆ ಲಂಬವಾಗಿ ಕುಗ್ಗಿಸಿದ್ದು. ಮೆನು, ಬಟನ್ನುಗಳಲ್ಲಿ ಬರುತ್ತಿದ್ದದ್ದು ಕುಗ್ಗಿಸಿದ್ದೇ. ಸಹಜವಾದದ್ದು ಬೇಕೆಂದರೆ 2014ರಲ್ಲಿ ಬಂದ ಆಂಡ್ರಾಯ್ಡ್ 5ರಿಂದ ‘ಎಲಿಗೆಂಟ್ ಟೆಕ್ಸ್ಟ್ ಹೈಟ್’ ಎಂಬ ಗುಂಡಿ ಒತ್ತಬಹುದಿತ್ತು, ಆದರೆ ಪ್ರೋಗ್ರಾಮರ್ ಅದನ್ನು ಬಲ್ಲವರಾಗಿದ್ದರೆ.

2018ರ ಆಂಡ್ರಾಯ್ಡ್ 9 ಎರವಲು ಫಾಂಟಿನ ಎತ್ತರವನ್ನೂ ಸಾಲಿನ ಲೆಕ್ಕಕ್ಕೆ ಸೇರಿಸಿಕೊಂಡಿತು. 2025ರ ಆಂಡ್ರಾಯ್ಡ್ 16 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಅದನ್ನು ಗುರಿಯಾಗಿಸಿ ಕಟ್ಟಿದ ಆ್ಯಪ್‌ಗಳಲ್ಲಿ ಆ ಗುಂಡಿಗೆ ಬೆಲೆಯಿಲ್ಲ, ಕುಗ್ಗಿಸಿದ ಫಾಂಟುಗಳಿಗೆ ವಿದಾಯ. ಕನ್ನಡ, ತಮಿಳು, ಮಲಯಾಳಂ, ಒಡಿಯಾ, ಗುಜರಾತಿ, ತೆಲುಗು, ಅರೇಬಿಕ್, ಥಾಯ್ ಮೊದಲಾದ ಲಿಪಿಗಳಿಗೆ ತಕ್ಕಂತೆ ನಿಮ್ಮ ಲೇಔಟುಗಳನ್ನು ಸರಿಪಡಿಸಿಕೊಳ್ಳಿ ಎಂದು ಗೂಗಲ್ ಹೆಸರು ಹಿಡಿದೇ ಸೂಚಿಸಿತು. ಸರಿಪಡಿಸಿಕೊಳ್ಳದಿದ್ದರೆ ಏನಾಗುತ್ತದೆ? ‘ಮತ್ತೊಮ್ಮೆ ಪ್ರಯತ್ನಿಸಿ’ ಎಂಬ ಬಟನ್ನನ್ನೇ ತೆಗೆದುಕೊಳ್ಳಿ. ಎರಡು ಪದಗಳಿಗೆ ನಾಲ್ಕು ಒತ್ತು. ಎತ್ತರ 40, ಪ್ಯಾಡಿಂಗ್ ಮೇಲೆ 8, ಕೆಳಗೆ 8 ಎಂದು ಕಟ್ಟಿಹಾಕಿದ್ದರೆ ಅಕ್ಷರಕ್ಕೆ ಉಳಿಯುವುದು 24, ಒತ್ತುಗಳ ಬುಡ ಕತ್ತರಿಸಿ ಹೋಗುತ್ತದೆ. ಅದೇ ಬಟನ್ನಿಗೆ ಎತ್ತರ ಬರೆಯದೆ, ಕನಿಷ್ಠ 48 ಇರಲಿ, ಪ್ಯಾಡಿಂಗ್ 8 ಇರಲಿ ಎಂದಷ್ಟೇ ಹೇಳಿದ್ದರೆ ಇಂಗ್ಲಿಷಿನಲ್ಲಿ ಅದು 48ರಲ್ಲೇ ನಿಲ್ಲುತ್ತದೆ. ಬಳಕೆದಾರರು ಅಕ್ಷರದ ಗಾತ್ರ ಹಿಗ್ಗಿಸಿ ಕನ್ನಡದ ಸಾಲಿಗೆ 36 ಬೇಕಾಯಿತೆನ್ನಿ. ಬಟನ್ 52 ಕೇಳುತ್ತದೆ, ಹೊರಪೆಟ್ಟಿಗೆ ಒಪ್ಪುತ್ತದೆ, ಅದರ ಕೆಳಗಿರುವವರೆಲ್ಲ 4 ಕೆಳಕ್ಕೆ ಸರಿದು ಕೂರುತ್ತಾರೆ.